'ಟೇಕ್ ಇಟ್ ಡೌನ್ ಅ ನಾಚ್': ಬಿಸಿ ಇಳಿಸುವ ಇಂಗ್ಲಿಷ್ ಮಾತನ್ನು ಯಾವಾಗ, ಯಾರಿಗೆ, ಹೇಗೆ ಹೇಳುವುದು

ಒಂದು ಆಫೀಸ್ ಕಾಲ್‌ನ ಕಥೆಯಿಂದ ಶುರು ಮಾಡುತ್ತೇನೆ. ಆ ಕಡೆ ಅಮೆರಿಕದವರು ಮೂವರು, ಈ ಕಡೆ ಬೆಂಗಳೂರಿನಲ್ಲಿ ನಾವು ಐದು ಜನ. ಕೆಲಸ ಮುಗಿಸಬೇಕಾದ ತಾರೀಖಿನ ವಿಷಯಕ್ಕೆ ನಾನು ಸ್ವಲ್ಪ ಜೋರಾಗಿಯೇ ವಾದ ಮಾಡುತ್ತಿದ್ದೆ. ಆ ಕಡೆಯ ಒಬ್ಬರು ನಗುನಗುತ್ತಲೇ 'ಲೆಟ್ಸ್ ಟೇಕ್ ಇಟ್ ಡೌನ್ ಅ ನಾಚ್' ಅಂದರು. ನಾನು ತಕ್ಷಣ ಮೈಕಿನ ವಾಲ್ಯೂಮ್ ಎರಡು ಗೆರೆ ಇಳಿಸಿದೆ. 'ಈಗ ಸರಿ ಇದೆಯಾ?' ಅಂತ ಕೇಳಿದೆ. ಯಾರೂ ಮಾತಾಡಲಿಲ್ಲ. ಸರಿ ಇದೆ ಅಂದುಕೊಂಡು ಅದೇ ಆವೇಶದಲ್ಲಿ ಮುಂದುವರಿಸಿದೆ. ಕಾಲ್ ಮುಗಿದ ಮೇಲೆ ಪಕ್ಕದಲ್ಲಿದ್ದವನು ಹೇಳಿದಾಗಲೇ ಗೊತ್ತಾಗಿದ್ದು, ಅವರು ಇಳಿಸಿ ಅಂದದ್ದು ನನ್ನ ಸಿಟ್ಟನ್ನ ಅಂತ.

ಈ ಮಾತಿನ ಅರ್ಥ ಹೇಳಲು ಒಂದು ಸಾಲು ಸಾಕು. ಮಾತಿನದೋ, ಸಿಟ್ಟಿನದೋ, ಉತ್ಸಾಹದ್ದೋ ಜೋರನ್ನು ಸ್ವಲ್ಪ ಕಮ್ಮಿ ಮಾಡು, ಅಷ್ಟೇ. ಆದರೆ ಅರ್ಥ ಗೊತ್ತಾದ ಮಾತ್ರಕ್ಕೆ ಬಳಸಲು ಬಂದಂತಲ್ಲ. ಯಾರಿಗೆ ಹೇಳಿದರೆ ನಗುತ್ತಾರೆ, ಯಾರಿಗೆ ಹೇಳಿದರೆ ಮುಖ ಗಂಟು ಹಾಕಿಕೊಳ್ಳುತ್ತಾರೆ, ಯಾವ ಪದ ಆಚೀಚೆ ಆದರೆ ಅರ್ಥವೇ ತಲೆಕೆಳಗಾಗುತ್ತದೆ ಅನ್ನುವುದು ಬೇರೆಯೇ ವಿದ್ಯೆ. ಅದನ್ನು ಹಂತ ಹಂತವಾಗಿ ನೋಡೋಣ. ಕೆಲವು ಹಂತ ಉದ್ದ ಇದೆ, ಕೆಲವು ಎರಡೇ ಮಾತಿನಲ್ಲಿ ಮುಗಿಯುತ್ತವೆ.

1. ಮೊದಲು ಈ 'ನಾಚ್' ಏನು ಅಂತ ಕಣ್ಣಿಗೆ ಕಟ್ಟಿಕೊಳ್ಳಿ

ಹಿಂದಿಯ ನಾಚ್, ಅಂದರೆ ಕುಣಿತ, ಇದಲ್ಲ. ನಮ್ಮ ನಾಚಿಕೆಗೂ ಇದಕ್ಕೂ ಸಂಬಂಧ ಇಲ್ಲ. ಬರೆಯುವಾಗ ಎನ್, ಓ, ಟಿ, ಸಿ, ಎಚ್. ನಡುವಿನ ಟಿ ಬೇರೆಯಾಗಿ ಕೇಳಿಸುವುದಿಲ್ಲ. ಬ್ರಿಟನ್ನಿನವರು ಹೇಳಿದರೆ ಅದು 'ನೊಚ್'ಗೆ ಹತ್ತಿರ ಬರುತ್ತದೆ. ಬೇಗ ಮಾತಾಡುವವರ ಬಾಯಲ್ಲಿ ಇಡೀ ವಾಕ್ಯ 'ಟೇಕಿಟ್ ಡೌನನಾಚ್' ಅಂತ ಒಂದೇ ಉಸಿರಿಗೆ ಬಂದುಬಿಡುತ್ತದೆ, ಹಾಗಾಗಿ ಮೊದಲ ಸಲ ಕೇಳಿದವರಿಗೆ ಏನೂ ಹೊಳೆಯದಿದ್ದರೆ ಅದು ನಿಮ್ಮ ತಪ್ಪಲ್ಲ.

ಕನ್ನಡದಲ್ಲಿ ಇದಕ್ಕೆ ಒಳ್ಳೆಯ ಪದ ಇದೆ: ಕಚ್ಚು. ಮರಕ್ಕೆ ಕತ್ತಿಯಿಂದ ಹೊಡೆದು ಮಾಡಿದ ಸಣ್ಣ ಗಾಯ. ಹತ್ತುವವರ ಪಾದ ಊರಲಿ ಅಂತ ತೆಂಗಿನ ಮರದ ಕಾಂಡಕ್ಕೆ ಕಚ್ಚು ಹೊಡೆಯುತ್ತಾರಲ್ಲ, ಹಾಗೆ. ಮೇಲಿದ್ದವನು ಇಳಿಯುವಾಗ ಒಂದೊಂದೇ ಕಚ್ಚಿಗೆ ಕಾಲಿಡುತ್ತಾನೆ. ನೆಲಕ್ಕೆ ಹಾರುವುದಿಲ್ಲ.

ಇಂಗ್ಲಿಷಿನವರಿಗೆ ಈ ಕಚ್ಚು ಅಳತೆಯ ಗುರುತಾಗಿದ್ದಕ್ಕೆ ಹಳೆಯ ಕಥೆ ಇದೆ. ಇಂಗ್ಲೆಂಡಿನ ಖಜಾನೆ ಶತಮಾನಗಳ ಕಾಲ ಮರದ ಕೋಲಿನ ಮೇಲೆ ಕಚ್ಚು ಹಾಕಿಯೇ ಲೆಕ್ಕ ಇಡುತ್ತಿತ್ತು. 1000 ಪೌಂಡಿಗೆ ಅಂಗೈ ದಪ್ಪದ ಕಚ್ಚು, 100ಕ್ಕೆ ಹೆಬ್ಬೆರಳಿನಷ್ಟು, 20ಕ್ಕೆ ಕಿರುಬೆರಳಿನಷ್ಟು, ಒಂದು ಪೌಂಡಿಗೆ ಬಾರ್ಲಿ ಕಾಳಿನಷ್ಟು. ಈ ಪದ್ಧತಿ 1826ರಲ್ಲಿ ನಿಂತಿತು. ಉಳಿದ ರಾಶಿ ಕೋಲುಗಳನ್ನು 1834ರ ಅಕ್ಟೋಬರ್ 16ರಂದು ಪಾರ್ಲಿಮೆಂಟಿನ ನೆಲಮಾಳಿಗೆಯ ಒಲೆಗಳಲ್ಲಿ ಸುಡಲು ಹೋದರು. ಉರಿ ಮಿತಿ ಮೀರಿ ವೆಸ್ಟ್‌ಮಿನ್‌ಸ್ಟರ್ ಅರಮನೆಯ ಬಹುಭಾಗವೇ ಸುಟ್ಟುಹೋಯಿತು. ಈಗ ಲಂಡನ್ನಿನಲ್ಲಿ ನಾವು ಫೋಟೊ ತೆಗೆಸಿಕೊಳ್ಳುವ ಕಟ್ಟಡ ಆಮೇಲೆ ಕಟ್ಟಿದ್ದು. ಉರಿಯನ್ನು ಒಂದು ನಾಚ್ ಇಳಿಸಿ ಅಂತ ಒಲೆಯ ಹತ್ತಿರ ಇದ್ದವರಿಗೆ ಯಾರಾದರೂ ಗಟ್ಟಿಯಾಗಿ ಹೇಳಬೇಕಿತ್ತು. ಕ್ರಿಕೆಟ್ಟಿನಲ್ಲೂ ಅಷ್ಟೇ, ಹಿಂದೆ ಸ್ಕೋರ್ ಬರೆಯುವವರು ಕೋಲಿನ ಮೇಲೆ ಕಚ್ಚು ಹಾಕುತ್ತಿದ್ದರು, ರನ್ನಿಗೆ 'ನಾಚ್' ಅಂತಲೇ ಹೆಸರಿತ್ತು.

ಇಷ್ಟೆಲ್ಲ ಬೇಡ ಅನ್ನುವವರು ಮನೆಯ ಫ್ಯಾನ್ ರೆಗ್ಯುಲೇಟರ್ ನೋಡಿ. ಐದರಲ್ಲಿದೆ, ಚಳಿ ಆಗುತ್ತಿದೆ. ನಾಲ್ಕಕ್ಕೆ ಇಳಿಸುತ್ತೀರಿ. 'ಟಕ್' ಅಂತ ಸದ್ದಾಗುತ್ತದೆ. ಆ ಒಂದು 'ಟಕ್' ಇದೆಯಲ್ಲ, ಅದೇ ನಾಚ್. ಫ್ಯಾನ್ ಇನ್ನೂ ತಿರುಗುತ್ತಿದೆ ಅನ್ನುವುದನ್ನು ಮರೆಯಬೇಡಿ. ಯಾರಾದರೂ ನಿಮಗೆ ಹೀಗೆ ಹೇಳಿದರೆ ಸ್ವಿಚ್ ಆರಿಸಿ ಅಂತ ಹೇಳುತ್ತಿಲ್ಲ.

2. 'ಇಟ್' ಯಾರು ಅಂತ ಕೇಳಿಕೊಳ್ಳಿ. ಇಡೀ ಮಾತಿನ ಜೀವ ಇಲ್ಲೇ ಇದೆ

ಕನ್ನಡದಲ್ಲಿ ನಾವು 'ಸ್ವಲ್ಪ ಕಮ್ಮಿ ಮಾಡಪ್ಪಾ' ಅಂತೀವಿ. ಏನನ್ನ ಕಮ್ಮಿ ಮಾಡಬೇಕು? ಹೇಳುವುದಿಲ್ಲ. ಕೇಳುವವನಿಗೆ ಗೊತ್ತು. ಟಿವಿ ಮುಂದೆ ಹೇಳಿದರೆ ಸೌಂಡು, ಒಲೆ ಮುಂದೆ ಹೇಳಿದರೆ ಉರಿ, ಬಿಲ್ಡಪ್ ಕೊಡುತ್ತಿರುವ ಗೆಳೆಯನಿಗೆ ಹೇಳಿದರೆ ಬಿಲ್ಡಪ್ಪು. ಕರ್ಮಪದ ಬಿಟ್ಟುಬಿಟ್ಟರೂ ನಮ್ಮ ವಾಕ್ಯ ನಿಲ್ಲುತ್ತದೆ. ಇಂಗ್ಲಿಷ್ ಹಾಗೆ ಬಿಡುವುದಿಲ್ಲ. 'ಟೇಕ್' ಅಂದ ಮೇಲೆ ಏನನ್ನು ಅಂತ ಹೇಳಲೇಬೇಕು. ಹಾಗಾಗಿ ಅಲ್ಲಿ ಒಂದು ಪುಟ್ಟ 'ಇಟ್' ಕೂರಿಸುತ್ತಾರೆ. ಆ 'ಇಟ್' ಯಾರನ್ನೂ ಬೆರಳು ಮಾಡಿ ತೋರಿಸುವುದಿಲ್ಲ. ನಿನ್ನ ಸಿಟ್ಟು ಅನ್ನುವುದಿಲ್ಲ, ನಿನ್ನ ಬಾಯಿ ಅನ್ನುವುದಿಲ್ಲ. ನಮ್ಮಿಬ್ಬರ ನಡುವೆ ಏನೋ ಒಂದು ಜಾಸ್ತಿ ಆಗಿದೆ, ಅದನ್ನ ಒಂದು ಮೆಟ್ಟಿಲು ಇಳಿಸೋಣ ಅಂತ ಮಾತ್ರ ಹೇಳುತ್ತದೆ. ಈ ಮಾತಿನಲ್ಲಿ ಮರ್ಯಾದೆ ಅಂತ ಏನಾದರೂ ಇದ್ದರೆ ಅದು ಈ ಎರಡಕ್ಷರದಲ್ಲಿದೆ.

ಆ 'ಇಟ್' ತೆಗೆದು ಅಲ್ಲಿ ಒಬ್ಬ ಮನುಷ್ಯನನ್ನು ಇಡಿ. 'ಟೇಕ್ ಹಿಮ್ ಡೌನ್ ಅ ನಾಚ್.' ಈಗ ಅರ್ಥವೇ ಬೇರೆ. ಅವನ ಸೊಕ್ಕು ಮುರಿ, ಅವನ ಕೊಬ್ಬು ಇಳಿಸು. ಇದರದೇ ಇನ್ನೊಂದು ರೂಪ 'ಟೇಕ್ ಹಿಮ್ ಡೌನ್ ಅ ಪೆಗ್'. ಈ ಪೆಗ್ಗು ನೀವು ಅಂದುಕೊಂಡ ಪೆಗ್ಗಲ್ಲ, ಗೂಟ ಅಥವಾ ಮೊಳೆಯಂಥದ್ದು. ಯಾರೋ ತಮ್ಮನ್ನು ತಾವು ಬಹಳ ಎತ್ತರದಲ್ಲಿ ನೇತುಹಾಕಿಕೊಂಡಿದ್ದಾರೆ, ಅವರನ್ನು ಕೆಳಗಿನ ಗೂಟಕ್ಕೆ ತರಬೇಕು ಅಂತ ನೆನಪಿಟ್ಟುಕೊಂಡರೆ ಸಾಕು. ಕನ್ನಡದಲ್ಲೂ 'ಇಳಿಸು' ಅನ್ನುವ ಒಂದೇ ಕ್ರಿಯಾಪದ ಎರಡೂ ಕೆಲಸ ಮಾಡುತ್ತದೆ ನೋಡಿ. 'ದನಿ ಇಳಿಸು' ಅಂದರೆ ವಿನಂತಿ. 'ಕೊಬ್ಬು ಇಳಿಸ್ತೀನಿ' ಅಂದರೆ ಬೆದರಿಕೆ.

ನಾನು ನೋಡಿದ ದೊಡ್ಡ ತಪ್ಪು ಇದೇ. ಒಬ್ಬರು ಒಳ್ಳೆಯ ಮನಸ್ಸಿನಿಂದಲೇ, ಗ್ರಾಹಕರ ಜೊತೆ ಸಿಡಿಮಿಡಿ ಮಾಡಿದ ಸಹೋದ್ಯೋಗಿಯ ಬಗ್ಗೆ, 'ನಾನು ಅವನನ್ನು ಸಮಾಧಾನ ಮಾಡಿದೆ' ಅಂತ ಹೇಳಲು ಹೋಗಿ 'ಐ ಟುಕ್ ಹಿಮ್ ಡೌನ್ ಅ ನಾಚ್' ಅಂತ ಮೇಲ್‌ನಲ್ಲಿ ಬರೆದರು. ಓದಿದವರಿಗೆ ಅರ್ಥ ಆಗಿದ್ದು 'ಅವನಿಗೆ ಸರಿಯಾಗಿ ಅವಮಾನ ಮಾಡಿ ಕೂರಿಸಿದೆ' ಅಂತ.

3. ಯಾವುದನ್ನು ಇಳಿಸಬಹುದು, ಯಾವುದನ್ನು ಆಗುವುದಿಲ್ಲ

ಮನುಷ್ಯನ ಕೈಯಲ್ಲಿ ಹಿಡಿತ ಇರುವ, ಏರಿಳಿಸಬಹುದಾದ ಜೋರು ಯಾವುದಾದರೂ ಸರಿ. ದನಿ, ಸಿಟ್ಟು, ತಮಾಷೆ, ಟೀಕೆ, ಉತ್ಸಾಹ, ವ್ಯಾಯಾಮದ ವೇಗ, ಮದುವೆ ಮನೆಗೆ ಹೊರಟವರ ಮೇಕಪ್ಪು, ಮಕ್ಕಳ ಗಲಾಟೆ. ನಟನೆ ಅತಿಯಾದಾಗಲೂ ಇದನ್ನು ಹೇಳಬಹುದು. ನಾವು 'ಓವರ್ ಆ್ಯಕ್ಟಿಂಗ್ ಕಮ್ಮಿ ಮಾಡು' ಅಂತೀವಲ್ಲ, ಅಲ್ಲಿ ಇದು ಸರಿಯಾಗಿ ಕೂರುತ್ತದೆ.

ಜ್ವರ, ಮಳೆ, ತರಕಾರಿ ರೇಟು, ಸಾಲದ ಬಡ್ಡಿ ಇವಕ್ಕೆಲ್ಲ ಬೇಡ. ಕನ್ನಡದಲ್ಲಿ ಜ್ವರವೂ ಇಳಿಯುತ್ತದೆ, ಸಿಟ್ಟೂ ಇಳಿಯುತ್ತದೆ, ರೇಟೂ ಇಳಿಯುತ್ತದೆ. ಆ ಅಭ್ಯಾಸದಲ್ಲಿ ಎಲ್ಲದಕ್ಕೂ ನಾಚ್ ಅಂಟಿಸಲು ಹೋಗಬೇಡಿ. ತರಕಾರಿ ಅಂಗಡಿಯಲ್ಲಿ ಚೌಕಾಸಿ ಮಾಡುವಾಗ 'ಟೇಕ್ ಇಟ್ ಡೌನ್ ಅ ನಾಚ್' ಅಂದರೆ, ಅವನು ಕೂಗುವುದನ್ನು ನಿಲ್ಲಿಸಬಹುದು, ರೇಟು ಇಳಿಸುವುದಿಲ್ಲ.

4. ಪದಗಳ ಜಾಗ

ಕನ್ನಡದಲ್ಲಿ 'ಅದನ್ನು ಇಳಿಸು' ಅಂದರೂ ಸರಿ, 'ಇಳಿಸು ಅದನ್ನ' ಅಂದರೂ ಸರಿ. 'ಅನ್ನು' ಅನ್ನುವ ಪ್ರತ್ಯಯ ಪದದ ಬೆನ್ನಿಗೇ ಇರುವುದರಿಂದ ಅದು ಎಲ್ಲಿ ಹೋದರೂ ಕಳೆದುಹೋಗುವುದಿಲ್ಲ. ಇಂಗ್ಲಿಷಿನಲ್ಲಿ ಜಾಗವೇ ಪ್ರತ್ಯಯ. ಆದ್ದರಿಂದ 'ಟೇಕ್', ಆಮೇಲೆ 'ಇಟ್', ಆಮೇಲೆ 'ಡೌನ್', ಕೊನೆಗೆ 'ಅ ನಾಚ್'. 'ಟೇಕ್ ಡೌನ್ ಇಟ್' ಅಂತ ಯಾರೂ ಹೇಳುವುದಿಲ್ಲ. ಇದೇ ನಿಯಮ ಇದರ ತಮ್ಮನಂತಿರುವ 'ಟೋನ್ ಇಟ್ ಡೌನ್'ಗೂ ಇದೆ. ನಮ್ಮ ಕಡೆ 'ಪ್ಲೀಸ್ ಟೋನ್ ಡೌನ್' ಅಂತ ಅರ್ಧಕ್ಕೇ ನಿಲ್ಲಿಸುವುದನ್ನು ಬಹಳ ಕೇಳಿದ್ದೇನೆ. ಅದು ಕನ್ನಡದ 'ಕಮ್ಮಿ ಮಾಡಿ' ಇಂಗ್ಲಿಷಿನ ವೇಷ ಹಾಕಿಕೊಂಡು ಬಂದದ್ದು. 'ಇಟ್' ಸೇರಿಸಿ.

ಭೂತಕಾಲಕ್ಕೆ 'ಟುಕ್ ಇಟ್ ಡೌನ್ ಅ ನಾಚ್'. 'ಇಟ್' ಬದಲು 'ಥಿಂಗ್ಸ್' ಹಾಕಬಹುದು, 'ದ ವಾಲ್ಯೂಮ್' ಹಾಕಬಹುದು. ಒಂದು ಕಚ್ಚು ಸಾಲದು ಅನ್ನಿಸಿದರೆ 'ಅ ಕಪಲ್ ಆಫ್ ನಾಚಸ್'. ಹತ್ತು ನಾಚ್ ಇಳಿಸು ಅಂತಲೂ ಹೇಳುತ್ತಾರೆ, ಆದರೆ ಅದು ತಮಾಷೆ ಅಥವಾ ಕೊಂಕು, ಹೊಸಬರ ಹತ್ತಿರ ಬೇಡ.

ಏರಿಸುವುದಕ್ಕೂ ಇದೇ ಮೆಟ್ಟಿಲು. 'ಟೇಕ್ ಇಟ್ ಅಪ್ ಅ ನಾಚ್' ಅಂದರೆ ಇನ್ನೊಂದು ಗೇರ್ ಹಾಕು. ಅಮೆರಿಕದ ಟಿವಿ ಬಾಣಸಿಗ ಎಮೆರಿಲ್ ಲಗಾಸೆ 1990ರ ದಶಕದಲ್ಲಿ ಪಾತ್ರೆಗೆ ಮಸಾಲೆ ಎಸೆಯುತ್ತಾ 'ಕಿಕ್ ಇಟ್ ಅಪ್ ಅ ನಾಚ್' ಅಂತ ಕೂಗಿ ಕೂಗಿ ಆ ಮಾತನ್ನು ಮನೆಮನೆಗೆ ತಲುಪಿಸಿದ. ಇಳಿಸುವ ಮಾತಿಗೆ ಅಂಥ ಅದೃಷ್ಟ ಸಿಗಲಿಲ್ಲ. ಇಳಿಸು ಅನ್ನುವವನಿಗೆ ಚಪ್ಪಾಳೆ ಎಲ್ಲಿ ಸಿಗುತ್ತೆ ಹೇಳಿ.

5. ಯಾರು ಯಾರಿಗೆ ಹೇಳಬಹುದು

ಗೆಳೆಯರ ನಡುವೆ ನಿರಾಳವಾಗಿ ಹೇಳಿ. ಅಪ್ಪ ಅಮ್ಮ ಮಕ್ಕಳಿಗೆ ಹೇಳುತ್ತಾರೆ, ಮೇಷ್ಟ್ರು ತರಗತಿಗೆ ಹೇಳುತ್ತಾರೆ, ಟೀಮಿನ ಮುಖ್ಯಸ್ಥ ಟೀಮಿಗೆ ಹೇಳುತ್ತಾನೆ. ಸಮಾನರ ಮೀಟಿಂಗಿನಲ್ಲಿ ಇಬ್ಬರು ಕಿತ್ತಾಡುತ್ತಿದ್ದರೆ ಮೂರನೆಯವರು ಹೇಳಿದರೆ ಎಲ್ಲಕ್ಕಿಂತ ಚೆನ್ನ.

ಕೆಳಗಿನಿಂದ ಮೇಲಕ್ಕೆ ಹೇಳುವಾಗ ಎಚ್ಚರ. ಬಾಸಿಗೆ 'ಟೇಕ್ ಇಟ್ ಡೌನ್ ಅ ನಾಚ್' ಅಂತ ನೇರವಾಗಿ ಅಂದರೆ, ಕನ್ನಡದಲ್ಲಿ 'ಸ್ವಲ್ಪ ಇಳಿದು ಮಾತಾಡಿ ಸಾರ್' ಅಂದಷ್ಟೇ ಖಾರ. 'ಸಾರ್' ಸೇರಿಸಿದ ಮಾತ್ರಕ್ಕೆ ಖಾರ ಹೋಗುವುದಿಲ್ಲ, ಅಲ್ವಾ? ಸಿಟ್ಟಿನಲ್ಲಿರುವ ಗ್ರಾಹಕರಿಗಂತೂ ಹೇಳಲೇಬೇಡಿ. ನಿಮ್ಮ ಸಿಟ್ಟೇ ತಪ್ಪು ಅಂದ ಹಾಗೆ ಅವರಿಗೆ ಕೇಳಿಸುತ್ತದೆ, ಅವರ ಫ್ಯಾನ್ ನಾಲ್ಕಕ್ಕೆ ಇಳಿಯುವ ಬದಲು ಆರಕ್ಕೆ ಹೋಗುತ್ತದೆ. ಅವರು ಹೇಳುವುದನ್ನು ಪೂರ್ತಿ ಕೇಳಿ, ನಿಮ್ಮದೇ ದನಿಯನ್ನು ಒಂದು ಕಚ್ಚು ಇಳಿಸಿ ಉತ್ತರ ಕೊಡಿ. ಎದುರಿನವರ ದನಿಯೂ ಸಾಮಾನ್ಯವಾಗಿ ಹಿಂದೆಯೇ ಇಳಿಯುತ್ತದೆ.

ಹೇಳಲೇಬೇಕಾದ ಪ್ರಸಂಗ ಬಂದರೆ 'ಲೆಟ್ಸ್' ಸೇರಿಸಿ. ಇದು ಕನ್ನಡದ 'ಓಣ' ಪ್ರತ್ಯಯದ ಕೆಲಸ ಮಾಡುತ್ತದೆ. 'ಮೆಲ್ಲಗೆ ಮಾತಾಡು' ಅನ್ನುವುದಕ್ಕೂ 'ಮೆಲ್ಲಗೆ ಮಾತಾಡೋಣ' ಅನ್ನುವುದಕ್ಕೂ ಎಷ್ಟು ವ್ಯತ್ಯಾಸ ನೋಡಿ. ಎರಡನೆಯದರಲ್ಲಿ ಹೇಳುವವನೂ ಒಂದು ಮೆಟ್ಟಿಲು ಇಳಿಯುತ್ತಿದ್ದಾನೆ, ಮೇಲೆ ನಿಂತು ಬೆರಳು ತೋರಿಸುತ್ತಿಲ್ಲ. ನನಗೆ ಆವತ್ತು ಕಾಲ್‌ನಲ್ಲಿ ಹೇಳಿದವರು ಇದನ್ನೇ ಮಾಡಿದ್ದರು. ಕೂಗುತ್ತಿದ್ದವನು ನಾನೊಬ್ಬನೇ, ಆದರೂ 'ಲೆಟ್ಸ್' ಅಂದರು. ಇನ್ನೂ ಮೆತ್ತಗಾಗಬೇಕೆಂದರೆ 'ಮೇಬಿ' ಅಂತ ಮುಂದೆ ಇಟ್ಟು 'ಮೇಬಿ ವಿ ಕ್ಯಾನ್' ಅಂತ ಶುರು ಮಾಡಿ.

ದನಿಯೂ ಲೆಕ್ಕಕ್ಕೆ ಬರುತ್ತದೆ. ಈ ಮಾತನ್ನು ಕಿರುಚಿ ಹೇಳಿದರೆ ನಿಮಗೇ ಮೊದಲು ಅನ್ವಯಿಸುತ್ತದೆ.

6. ನೆಂಟರನ್ನು ಗುರುತು ಹಿಡಿಯಿರಿ

ಒಂದೇ ಅರ್ಥ ಅಂತ ನಿಘಂಟು ಹೇಳುವ ಹತ್ತು ಮಾತುಗಳಿವೆ. ಒಂದರ ಜಾಗದಲ್ಲಿ ಇನ್ನೊಂದು ಸರಿಯಾಗಿ ಕೂರುವುದು ಕಮ್ಮಿ. ನನಗೆ ಮುಖ್ಯ ಅನ್ನಿಸಿದ ಕೆಲವನ್ನು ಹೇಳುತ್ತೇನೆ.

'ಟೋನ್ ಡೌನ್' ಬಂದದ್ದು ಚಿತ್ರಕಾರರ ಕಡೆಯಿಂದ. ಕಣ್ಣಿಗೆ ಹೊಡೆಯುವ ಬಣ್ಣವನ್ನು ತಿಳಿ ಮಾಡುವುದು. ಹಾಗಾಗಿ ಹೊರಗೆ ಕಾಣುವ, ಕೇಳುವ ವಸ್ತುಗಳಿಗೇ ಇದು ಹೊಂದುವುದು: ಭಾಷಣ, ವರದಿ, ಬಣ್ಣ, ಬಟ್ಟೆ, ಬೈಗುಳ. ಕೆಲಸದ ಗಂಟೆಗಳನ್ನು ಟೋನ್ ಡೌನ್ ಮಾಡಲು ಬರುವುದಿಲ್ಲ. ಎಡವಿ ಬೀಳುವ ಗುಂಡಿಯೂ ಒಂದು ಇದೆ ಇಲ್ಲಿ. ಜಿಮ್‌ನವರು ಹೇಳುವ 'ಟೋನ್ ಅಪ್' ಅಂದರೆ ಸ್ನಾಯು ಬಿಗಿ ಮಾಡುವುದು. 'ಟೋನ್ ಡೌನ್' ಅದರ ವಿರುದ್ಧ ಪದ ಅಲ್ಲ. ಇನ್ನು ಯಾರಾದರೂ 'ವಾಚ್ ಯುವರ್ ಟೋನ್' ಅಂದರೆ ಅದು ಕೋರಿಕೆ ಅಲ್ಲ, ಬೈಗುಳ.

ಗಂಟೆ, ಖರ್ಚು, ಯೋಜನೆ ಇವಕ್ಕೆಲ್ಲ 'ಡಯಲ್ ಬ್ಯಾಕ್' ಇದೆ. ಡಯಲ್ ಅನ್ನುವ ಪದದ ಬೇರು ಲ್ಯಾಟಿನ್ನಿನ 'ದಿನ' ಅನ್ನುವ ಪದ. ಮೊದಲು ನೆರಳು ನೋಡಿ ಹೊತ್ತು ತಿಳಿಯುವ ಸೂರ್ಯಗಡಿಯಾರ, ಆಮೇಲೆ ಗಡಿಯಾರದ ಮುಖ, ಆಮೇಲೆ ರೇಡಿಯೋದ ತಿರುಗಣೆ. ಆ ತಿರುಗಣೆಯನ್ನು ಹಿಂದಕ್ಕೆ ತಿರುಗಿಸುವುದೇ ಡಯಲ್ ಬ್ಯಾಕ್. ಕಂಪನಿ ಹೊಸಬರನ್ನು ಸೇರಿಸಿಕೊಳ್ಳುವುದನ್ನು ಡಯಲ್ ಬ್ಯಾಕ್ ಮಾಡುತ್ತದೆ, ಡಾಕ್ಟರು ಕಾಫಿ ಡಯಲ್ ಬ್ಯಾಕ್ ಮಾಡಿ ಅನ್ನುತ್ತಾರೆ. ನಮಗೆ ಡಯಲ್ ಅಂದರೆ ಫೋನು. ಹಾಗಾಗಿ ಈ ಮಾತು ಕೇಳಿ 'ತಿರುಗಿ ಫೋನ್ ಮಾಡು' ಅಂತ ಅಂದುಕೊಳ್ಳುವವರಿದ್ದಾರೆ. ಅದಕ್ಕೆ 'ಕಾಲ್ ಬ್ಯಾಕ್' ಬೇರೆಯೇ ಇದೆ.

'ಸಿಮರ್ ಡೌನ್' ನಮಗೆ ಗೊತ್ತಿರುವ ಮಾತೇ, ಗೊತ್ತಿದೆ ಅಂತ ಗೊತ್ತಿಲ್ಲ. ಅಡುಗೆಮನೆಯಲ್ಲಿ 'ಗ್ಯಾಸ್ ಸಿಮ್‌ನಲ್ಲಿಡು' ಅಂತೀವಲ್ಲ, ಆ 'ಸಿಮ್' ಇದೇ ಸಿಮರ್‌ನ ತುಂಡು. ಕುದಿಯುವುದಕ್ಕೆ ಸ್ವಲ್ಪ ಮುಂಚಿನ ಸಣ್ಣ ಉರಿ. ಕುದಿಯುತ್ತಿರುವ ಮನುಷ್ಯನಿಗೆ 'ಸಿಮರ್ ಡೌನ್' ಅಂದರೆ ಉರಿ ಸಣ್ಣ ಮಾಡಿಕೋ ಅಂತ. ಇದರಲ್ಲಿ 'ಇಟ್' ಇಲ್ಲ ಅನ್ನುವುದನ್ನು ಗಮನಿಸಿ. ನೇರವಾಗಿ ಮನುಷ್ಯನಿಗೇ ತಗಲುತ್ತದೆ. ಹಾಗಾಗಿ ಚಿಕ್ಕವರಿಗೆ, ತೀರಾ ಆಪ್ತರಿಗೆ ಮಾತ್ರ. 'ಕಾಮ್ ಡೌನ್' ಕೂಡ ಇದೇ ಜಾತಿ. ಸಿಟ್ಟು ಬಂದವರಿಗೆ ಹೇಳಿ ಅದು ಫಲ ಕೊಟ್ಟದ್ದನ್ನು ನಾನು ನೋಡಿಲ್ಲ.

'ಪೈಪ್ ಡೌನ್' ಇನ್ನೂ ಒರಟು. ಹಳೆಯ ಹಡಗುಗಳಲ್ಲಿ ಹೊತ್ತು ಮುಗಿದ ಮೇಲೆ ಸೀಟಿ ಊದಿ ನಾವಿಕರನ್ನು ಮಲಗಲು ಕೆಳಗೆ ಕಳಿಸುತ್ತಿದ್ದರು, ಅಲ್ಲಿಂದ ಬಂದದ್ದು. ಈಗ ಅರ್ಥ 'ಬಾಯಿ ಮುಚ್ಚಿ' ಅನ್ನುವುದಕ್ಕೆ ಬಹಳ ಹತ್ತಿರ.

'ಈಸ್ ಅಪ್ ಆನ್' ನನಗೆ ಇಷ್ಟ. ಹಿಡಿತ ಸಡಿಲಿಸು, ಬಿಗಿ ಬಿಡು ಅಂತ. ಹೊಸದಾಗಿ ಸೇರಿದ ಹುಡುಗನ ಮೇಲೆ ಎಗರಾಡುವವರಿಗೆ 'ಈಸ್ ಅಪ್ ಆನ್ ಹಿಮ್' ಅನ್ನಬಹುದು. ಉಪ್ಪಿನ ಮೇಲೂ ಈಸ್ ಅಪ್ ಆಗಬಹುದು, ಬ್ರೇಕಿನ ಮೇಲೂ ಆಗಬಹುದು. 'ಆನ್' ಬಿಡಬೇಡಿ. ಮಜಾ ಅಂದರೆ ಇಲ್ಲಿ 'ಅಪ್' ಅಂತಿದ್ದರೂ ಕೆಲಸ ಇಳಿಸುವುದೇ. ನೋವು ತಾನಾಗಿ ಕಮ್ಮಿಯಾದರೆ 'ಈಸ್ ಆಫ್'.

'ಲೆಟ್ ಅಪ್' ಅನ್ನುವುದನ್ನು ಮಳೆಗೆ ಇಟ್ಟುಕೊಳ್ಳಿ. 'ಲೆಟ್' ಅಂದರೆ ಬಿಡು. ನಾವೂ 'ಮಳೆ ಬಿಡ್ತು', 'ಮಳೆ ಬಿಡುವು ಕೊಟ್ಟಿತು' ಅಂತೀವಿ. ಮಲೆನಾಡು, ಕರಾವಳಿ ಕಡೆಯವರಿಗೆ ಇದಕ್ಕೆ ಇನ್ನೂ ಒಳ್ಳೆಯ ಮಾತಿದೆ, ಹೊಳವು. ಮಳೆ ಹೊಳವಾಯಿತು ಅಂದರೆ ಪೂರ್ತಿ ನಿಂತಿತು ಅಂತಲ್ಲ, ಅಂಗಳಕ್ಕೆ ಇಳಿದು ಕೊಟ್ಟಿಗೆಯವರೆಗೆ ಹೋಗಿ ಬರುವಷ್ಟು ತೆರಪು ಸಿಕ್ಕಿತು ಅಂತ. ಲೆಟ್ ಅಪ್‌ಗೆ ಇದಕ್ಕಿಂತ ಒಳ್ಳೆಯ ಕನ್ನಡ ನನಗೆ ಗೊತ್ತಿಲ್ಲ. ಇಂಗ್ಲಿಷಿನವರು ಇದನ್ನು ಹೆಚ್ಚಾಗಿ 'ಇಲ್ಲ' ಸೇರಿಸಿಯೇ ಹೇಳುವುದು: ಮಳೆ ಲೆಟ್ ಅಪ್ ಆಗುತ್ತಲೇ ಇಲ್ಲ. ಆಗುಂಬೆಯಲ್ಲಿ ಜುಲೈ ಕಳೆದವರಿಗೆ ಉದಾಹರಣೆ ಬೇಕಿಲ್ಲ.

'ಟೇಕ್ ದ ಎಡ್ಜ್ ಆಫ್' ಅಂದರೆ ಮೊನಚು ಮುರಿಯುವುದು. ಚಾಕುವಿನ ಅಲಗನ್ನು ಮೊಂಡು ಮಾಡಿದರೆ ಚಾಕು ಇರುತ್ತದೆ, ಕೊಯ್ಯುವುದಿಲ್ಲ. ನೋವು, ಹಸಿವು, ಹೆದರಿಕೆ, ಚಳಿ ಇವಕ್ಕೆ ಹೇಳಿ ಮಾಡಿಸಿದ ಮಾತು. ಊಟ ತಡ ಅಂತ ಗೊತ್ತಾಗಿ ಒಂದು ಬಾಳೆಹಣ್ಣು ತಿಂದರೆ ಅದು ಹಸಿವಿನ 'ಎಡ್ಜ್' ತೆಗೆಯುತ್ತದೆ. ಹಸಿವು ಹೋಗಿಲ್ಲ, ಹೊಟ್ಟೆ ಚುರುಗುಟ್ಟುವುದು ನಿಂತಿದೆ.

'ಸಾಫ್ಟ್ ಪೆಡಲ್' ಪಿಯಾನೋದ ಎಡಗಡೆಯ ಪೆಡಲ್ಲು. ದೊಡ್ಡ ಗ್ರ್ಯಾಂಡ್ ಪಿಯಾನೋದಲ್ಲಿ ಅದನ್ನು ಒತ್ತಿದರೆ ಒಳಗಿನ ಸುತ್ತಿಗೆಗಳು ಸ್ವಲ್ಪ ಪಕ್ಕಕ್ಕೆ ಸರಿದು ಕಮ್ಮಿ ತಂತಿಗಳಿಗೆ ಬಡಿಯುತ್ತವೆ, ನಾದ ಮೆತ್ತಗಾಗುತ್ತದೆ. ಮಾತಿನಲ್ಲಿ ಇದಕ್ಕೆ ಸ್ವಲ್ಪ ಕಳ್ಳತನದ ವಾಸನೆ ಇದೆ. ಕೆಟ್ಟ ಸುದ್ದಿಯನ್ನು ದೊಡ್ಡದು ಮಾಡದೆ ಮೆಲ್ಲಗೆ ದಾಟಿಸುವವರು ಅದನ್ನು ಸಾಫ್ಟ್ ಪೆಡಲ್ ಮಾಡುತ್ತಿದ್ದಾರೆ. 'ನಿಮ್ಮ ಮಾತನ್ನು ಸಾಫ್ಟ್ ಪೆಡಲ್ ಮಾಡಿ' ಅಂತ ಯಾರಿಗೂ ಸಲಹೆ ಕೊಡಬೇಡಿ, ಮುಚ್ಚಿಡಿ ಅಂದ ಹಾಗಾಗುತ್ತದೆ.

'ಪುಲ್ ಪಂಚಸ್' ಬಾಕ್ಸಿಂಗ್‌ನದು, ಏಟು ಬೀಳುವ ಮುನ್ನ ಕೈಯ ಜೋರನ್ನು ತಡೆಹಿಡಿಯುವುದು. ಇದೂ ಬರುವುದು 'ಇಲ್ಲ'ದ ಜೊತೆಗೇ ಜಾಸ್ತಿ: ಆ ವಿಮರ್ಶಕ ಪಂಚ್ ಪುಲ್ ಮಾಡಲೇ ಇಲ್ಲ, ಅಂದರೆ ಮುಲಾಜಿಲ್ಲದೆ ಬರೆದ.

ಕೊನೆಯದಾಗಿ 'ಟೇಕ್ ಯುವರ್ ಫುಟ್ ಆಫ್ ದ ಗ್ಯಾಸ್'. ಈ ಗ್ಯಾಸು ಸಿಲಿಂಡರ್ ಅಲ್ಲ. ಅಮೆರಿಕದವರಿಗೆ ಪೆಟ್ರೋಲೇ ಗ್ಯಾಸು, ಅದರ ಪೆಡಲ್ಲು ಅಂದರೆ ನಮ್ಮ ಆಕ್ಸಿಲರೇಟರ್. ಬ್ರೇಕ್ ಹಾಕಿ ಅಂತಿಲ್ಲ, ಕಾಲು ತೆಗೆಯಿರಿ, ಗಾಡಿ ತಾನೇ ನಿಧಾನ ಆಗುತ್ತದೆ ಅಂತ. ಎಡವಟ್ಟು ಏನೆಂದರೆ ಇದನ್ನು ಹೊಗಳಿಕೆಯಾಗಿ ಹೇಳುವುದು ಅಪರೂಪ. ಗೆಲ್ಲುವ ಹಂತದಲ್ಲಿದ್ದ ತಂಡ ಮೈಮರೆತು ಸೋಲುವಾಗ ಕಾಮೆಂಟ್ರಿಯವರು ಇದನ್ನೇ ಹೇಳುತ್ತಾರೆ.

7. ಬರವಣಿಗೆಯಲ್ಲಿ ನಿಜವಾಗಿಯೂ ಒಂದು ನಾಚ್ ಇಳಿಸುವುದು ಹೇಗೆ

'ನಿಮ್ಮ ಮೇಲ್ ಚೆನ್ನಾಗಿದೆ, ಸ್ವಲ್ಪ ಒಂದು ನಾಚ್ ಇಳಿಸಿ ಕಳಿಸಿ' ಅಂತ ಯಾರಾದರೂ ಅಂದರು ಅಂದುಕೊಳ್ಳಿ. ಏನು ಮಾಡಬೇಕು? ಕಡತ ತಡವಾಗಿ ಬಂದದ್ದಕ್ಕೆ ನೀವು ಬರೆದದ್ದು ಹೀಗಿದೆ ಅಂತಿಟ್ಟುಕೊಳ್ಳೋಣ: 'ನೀವು ಯಾವಾಗಲೂ ತಡ ಮಾಡುತ್ತೀರಿ!!! ಈ ಸಲವೂ ಮತ್ತೆ ಕಡತ ಕಳಿಸಿಲ್ಲ!' ಇಂಗ್ಲಿಷಿನಲ್ಲಿ ಬರೆದಿದ್ದರೆ ಎರಡು ಪದ ದೊಡ್ಡಕ್ಷರದಲ್ಲೂ ಇರುತ್ತಿದ್ದವು.

ಮೊದಲ ಕಚ್ಚು: ದೊಡ್ಡಕ್ಷರ ಮತ್ತು ಉದ್ಗಾರ ಚಿಹ್ನೆ ತೆಗೆಯಿರಿ. ಇವು ಕಾಗದದ ಮೇಲಿನ ಕೂಗು. ಎಷ್ಟೋ ಸಲ ಇಷ್ಟಕ್ಕೇ ಕೆಲಸ ಮುಗಿಯುತ್ತದೆ.

ಎರಡನೆಯದು: 'ಯಾವಾಗಲೂ', 'ಮತ್ತೆ', 'ಒಂದು ಸಲವೂ' ಇವನ್ನು ಹುಡುಕಿ ಅಳಿಸಿ. ಇವು ಇವತ್ತಿನ ತಪ್ಪಿನ ಜೊತೆ ಹಳೆಯ ಬಾಕಿಯನ್ನೆಲ್ಲ ಕೂಡಿಸಿ ಬಿಲ್ ಮಾಡುತ್ತವೆ. ಮೂರು ತಿಂಗಳ ಬಾಕಿ ಇದ್ದರೆ ಅದಕ್ಕೆ ಬೇರೆ ಮೇಲ್ ಬರೆಯಿರಿ.

ಮೂರನೆಯದು ಎಲ್ಲಕ್ಕಿಂತ ಕಷ್ಟ, ಎಲ್ಲಕ್ಕಿಂತ ಹೆಚ್ಚು ಇಳಿಯುವುದೂ ಇಲ್ಲೇ. 'ನೀವು' ಇದ್ದ ಕಡೆ ವಸ್ತುವನ್ನು ತನ್ನಿ. 'ನೀವು ಕಳಿಸಿಲ್ಲ' ಹೋಗಿ 'ಕಡತ ಇನ್ನೂ ಬಂದಿಲ್ಲ' ಆಗಲಿ. ಎರಡನೆಯ ಹಂತದಲ್ಲಿ ಹೇಳಿದ 'ಇಟ್' ಮಾಡುವ ಕೆಲಸವನ್ನೇ ಇಲ್ಲಿ ನೀವು ಕೈಯಾರೆ ಮಾಡುತ್ತಿದ್ದೀರಿ. ದೂರು ಹಾಗೇ ಇದೆ, ಅದರ ಬಿಸಿ ಮನುಷ್ಯನಿಂದ ಕಡತಕ್ಕೆ ಸರಿದಿದೆ.

ಕೊನೆಗೆ ಯಾವಾಗ ಬೇಕು ಅಂತ ಒಂದು ಸಾಲು ಸೇರಿಸಿ. 'ಕಡತ ಇನ್ನೂ ಬಂದಿಲ್ಲ. ಬುಧವಾರದೊಳಗೆ ಸಿಕ್ಕರೆ ಮುಂದಿನ ಕೆಲಸ ನಿಲ್ಲುವುದಿಲ್ಲ.' ಇಲ್ಲಿಗೆ ನಿಲ್ಲಿಸಿ. ಇದಕ್ಕೂ ಕೆಳಗೆ ಇಳಿದು 'ತೊಂದರೆ ಕೊಟ್ಟಿದ್ದಕ್ಕೆ ಕ್ಷಮಿಸಿ, ಬಿಡುವಾದಾಗ ಕಳಿಸಿದರೂ ಪರವಾಗಿಲ್ಲ' ಅಂತ ಬರೆಯುವವರಿದ್ದಾರೆ, ನಮ್ಮಲ್ಲಿ ಸ್ವಲ್ಪ ಜಾಸ್ತಿಯೇ ಇದ್ದಾರೆ. ಅದು ಫ್ಯಾನ್ ಆರಿಸಿದಂತೆ. ಕಡತವೂ ಬರುವುದಿಲ್ಲ.

8. ನಿಮಗೇ ಯಾರಾದರೂ ಹೀಗೆ ಹೇಳಿದರೆ

ಮೊದಲು, ಮೈಕ್ ಮುಟ್ಟಬೇಡಿ. ಎರಡನೆಯದು, 'ನಾನೇನು ಕೂಗಿದೆ ಈಗ?' ಅಂತ ಕೇಳಬೇಡಿ, ಆ ಪ್ರಶ್ನೆಯನ್ನು ಮೆಲ್ಲಗೆ ಕೇಳಲು ಯಾರಿಗೂ ಬರುವುದಿಲ್ಲ. ನಮ್ಮಲ್ಲಿ ಬಹಳ ಜನ ಇನ್ನೊಂದು ತುದಿಗೆ ಹೋಗುತ್ತಾರೆ. ಬೇಜಾರಾಗಿ ಕ್ಯಾಮೆರಾ ಆಫ್ ಮಾಡಿ, ಕಾಲ್ ಮುಗಿಯುವ ತನಕ ತುಟಿ ಬಿಚ್ಚದೆ ಕೂರುವುದು. ಹೇಳಿದವರಿಗೆ ಇದು ಅರ್ಥವೇ ಆಗುವುದಿಲ್ಲ. ಅವರು ಒಂದು ಕಚ್ಚು ಕೇಳಿದ್ದರು, ನೀವು ಮರದಿಂದಲೇ ಇಳಿದು ಮನೆಗೆ ಹೋದಿರಿ.

'ಫೇರ್ ಇನಫ್' ಅನ್ನಿ. ನೀವು ಹೇಳಿದ್ದು ಸರಿ, ಒಪ್ಪಿದೆ ಅಂತ ಅರ್ಥ, ತಪ್ಪೊಪ್ಪಿಗೆಯ ಭಾರ ಇಲ್ಲ. ಸಲಿಗೆ ಇದ್ದರೆ 'ಸಾರಿ, ಗಾಟ್ ಕ್ಯಾರೀಡ್ ಅವೇ', ಮಾತಿನ ಭರದಲ್ಲಿ ಕೊಚ್ಚಿಹೋದೆ ಅಂತ. ಒಂದು ಉಸಿರು ತೆಗೆದುಕೊಂಡು, ನೀವು ಎಲ್ಲಿ ನಿಲ್ಲಿಸಿದ್ದಿರೋ ಅಲ್ಲಿಂದಲೇ, ಅದೇ ವಾದವನ್ನು, ಫ್ಯಾನ್ ನಾಲ್ಕರಲ್ಲಿಟ್ಟುಕೊಂಡು ಮುಂದುವರಿಸಿ. ನಾನು ಆವತ್ತು ವಾದ ಮಾಡುತ್ತಿದ್ದ ತಾರೀಖು ಆಮೇಲೆ ಒಂದು ವಾರ ಮುಂದಕ್ಕೆ ಹೋಯಿತು. ಅದನ್ನು ಕೇಳಿ ಪಡೆದವನು ಪಕ್ಕದಲ್ಲಿ ಮೆಲ್ಲಗೆ ಮಾತಾಡುತ್ತಿದ್ದ ಆ ಸಹೋದ್ಯೋಗಿ.